ತಪಾಸಣೆಗೆ ಬೆಂಗಳೂರಿಗೆ: ಅಕಾಂಡ್ರೋಪ್ಲೇಸಿಯಾ ಇರುವ ಪುಟ್ಟ ಮಗುವಿಗೆ ಯಾವ ಗಾಡಿ, ಯಾವ ಸೀಟು

ಹುಬ್ಬಳ್ಳಿ ಧಾರವಾಡದ ಕಡೆಯಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗಳಿಗೆ ಮಗುವನ್ನು ಕರೆದೊಯ್ಯುವ ದಾರಿಗಳು ಐದು: ರಾತ್ರಿ ರೈಲು, ವಂದೇ ಭಾರತ್, ಬಸ್ಸು, ಕಾರು, ವಿಮಾನ. ಎಲ್ಲರಿಗೂ ಗೊತ್ತಿರುವ ಈ ಐದನ್ನು ಇಲ್ಲಿ ಒಂದೇ ಕಣ್ಣಿನಿಂದ ನೋಡಲಾಗಿದೆ. ಒಂದರಿಂದ ಮೂರು ವರ್ಷದೊಳಗಿನ, ಅಕಾಂಡ್ರೋಪ್ಲೇಸಿಯಾ (ಕೈಕಾಲು ಗಿಡ್ಡವಾಗಿ ಬೆಳೆಯುವ, ಹುಟ್ಟಿನಿಂದಲೇ ಬರುವ ಕುಬ್ಜತೆ) ಇರುವ ಮಗುವಿನ ಕುತ್ತಿಗೆಗೂ ಬೆನ್ನಿಗೂ ಯಾವುದು ಒಗ್ಗುತ್ತದೆ ಎಂಬುದಷ್ಟೇ ಪ್ರಶ್ನೆ. ಅಂಕ ಮೊದಲೇ ಹೇಳಿಬಿಡುತ್ತೇವೆ. ಥರ್ಡ್ ಎಸಿ ಲೋವರ್ ಬರ್ತಿಗೆ ಐದಕ್ಕೆ ನಾಲ್ಕೂವರೆ. ಸರಿಯಾದ ಕಾರ್ ಸೀಟ್ ಇದ್ದರೆ ಕಾರಿಗೆ ನಾಲ್ಕು, ಇಲ್ಲದಿದ್ದರೆ ಒಂದು. ವಂದೇ ಭಾರತ್‌ಗೆ ಮೂರು. ಸ್ಲೀಪರ್ ಬಸ್ಸಿಗೆ ಎರಡೂವರೆ, ಸೆಮಿ ಸ್ಲೀಪರ್‌ಗೆ ಒಂದು. ವಿಮಾನಕ್ಕೆ ಮೂರು.

ಇಷ್ಟು ಅಂತರ ಏಕೆಂದರೆ ಈ ಮಕ್ಕಳ ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದು, ಭಾರ. ಕುತ್ತಿಗೆಯ ಸ್ನಾಯು ಸಡಿಲ. ತಲೆಬುರುಡೆಯ ತಳದಲ್ಲಿ ಮಿದುಳುಬಳ್ಳಿ ಇಳಿಯುವ ರಂಧ್ರ ಇವರಲ್ಲಿ ಕಿರಿದಾಗಿರಬಹುದು. ತಲೆ ಮುಂದಕ್ಕೆ ವಾಲಿ ಗದ್ದ ಎದೆಗೆ ಮುಟ್ಟಿದರೆ ಉಸಿರಿನ ದಾರಿಯೂ ಇಕ್ಕಟ್ಟಾಗುತ್ತದೆ, ಆ ರಂಧ್ರದ ಬಳಿಯೂ ಒತ್ತಡ ಬೀಳುತ್ತದೆ. ಇನ್ನೊಂದು ಬೆನ್ನು. ಇನ್ನೂ ನಡೆಯದ ಮಗುವನ್ನು ಆಧಾರವಿಲ್ಲದೆ ಕೂರಿಸಿದರೆ ಬೆನ್ನು ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿ, ಎದೆಗೂಡು ಸೊಂಟ ಸೇರುವ ಜಾಗದಲ್ಲಿ ಗೂನು ಗಟ್ಟಿಯಾಗುತ್ತದೆ. ಬಹುಪಾಲು ಮಕ್ಕಳಲ್ಲಿ ನಡೆಯಲು ಶುರುಮಾಡಿದ ಮೇಲೆ ಅದು ತಾನಾಗಿ ಸರಿಹೋಗುತ್ತದೆ, ಅಲ್ಲಿಯವರೆಗೆ ಬೆನ್ನನ್ನು ಕಾಪಾಡಬೇಕು. ನಡಿಗೆ ಎರಡು ವರ್ಷ ದಾಟುವುದೂ ಉಂಟು. ಹಾಗಾಗಿ ಎಂಟು ಗಂಟೆ ಕೂತು ಹೋಗುವ ಗಾಡಿ ಎಷ್ಟೇ ಐಷಾರಾಮಿಯಾಗಿದ್ದರೂ ಮಲಗಿ ಹೋಗುವ ಗಾಡಿಗೆ ಸಮ ಆಗುವುದಿಲ್ಲ.

ರಾತ್ರಿ ರೈಲು

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಂಥ ರಾತ್ರಿ ಗಾಡಿ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು. ಮಗು ಮನೆಯಲ್ಲಿ ಮಲಗುವ ಹಾಗೆಯೇ ಮಲಗುತ್ತದೆ. ಆದರೆ ನಾಲ್ಕೂವರೆ ಅಂಕ ಲೋವರ್ ಬರ್ತಿಗೆ ಮಾತ್ರ. ಮಿಡಲ್, ಅಪ್ಪರ್ ಬರ್ತಿನಲ್ಲಿ ಮಗುವನ್ನು ಮಲಗಿಸುವ ಮಾತೇ ಇಲ್ಲ. ಬುಕ್ ಮಾಡುವಾಗ ಐಆರ್‌ಸಿಟಿಸಿಯಲ್ಲಿ ‘ಕನಿಷ್ಠ ಒಂದು ಲೋವರ್ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡು’ ಎಂಬ ಆಯ್ಕೆ ಇದೆ. ಅದನ್ನು ಒತ್ತದೆ ದುಡ್ಡು ಕಟ್ಟಬೇಡಿ. ಜೊತೆಗೆ ಅಜ್ಜಿ ಬರುತ್ತಿದ್ದರೆ ಅವರ ಟಿಕೆಟ್ ಬೇರೆ ಪಿಎನ್‌ಆರ್‌ನಲ್ಲಿ ಮಾಡಿಸಿ. 45 ದಾಟಿದ ಮಹಿಳೆಯರಿಗೆ, 60 ದಾಟಿದ ಗಂಡಸರಿಗೆ ಲೋವರ್ ಬರ್ತಿನ ಕೋಟಾ ಇದೆ. ಚಿಕ್ಕ ವಯಸ್ಸಿನವರ ಹೆಸರು ಅದೇ ಟಿಕೆಟ್‌ನಲ್ಲಿ ಸೇರಿದರೆ ಆ ಲಾಭ ಕೈತಪ್ಪುತ್ತದೆ.

ಬರ್ತ್ ಸಂಖ್ಯೆ ನೋಡಿ ಜಾಗ ಗುರುತಿಸುವುದು ಸುಲಭ. ಥರ್ಡ್ ಎಸಿಯಲ್ಲಿ ಎಂಟೆಂಟರ ಗುಂಪು: 1, 4 ಲೋವರ್, 7 ಸೈಡ್ ಲೋವರ್, ಮುಂದಿನ ಗುಂಪಿನಲ್ಲಿ 9, 12, 15. ಮೊದಲ ಗುಂಪೂ ಕೊನೆಯ ಗುಂಪೂ ಬಾಗಿಲಿನ ಪಕ್ಕ, ಶೌಚಾಲಯದ ಪಕ್ಕ. ರಾತ್ರಿಯಿಡೀ ಬಾಗಿಲು ಬಡಿಯುತ್ತದೆ. ನಡುವಿನ ಗುಂಪು ಸಿಕ್ಕರೆ ಅದೃಷ್ಟ. ಸೈಡ್ ಲೋವರ್‌ನಲ್ಲಿ ಒಂದು ತೊಂದರೆ ಇದೆ, ಕೈಯಾಡಿಸಿ ನೋಡಿದರೆ ತಿಳಿಯುತ್ತದೆ: ಎರಡು ಸೀಟು ಮಡಚಿ ಸೇರಿಸಿ ಹಾಸಿಗೆ ಮಾಡಿರುತ್ತಾರೆ, ನಡುವಿನ ಜೋಡಣೆ ಒಂದೆಡೆ ಉಬ್ಬು, ಇನ್ನೊಂದೆಡೆ ತಗ್ಗು. ದೊಡ್ಡವರಿಗೆ ಸೊಂಟದ ಕೆಳಗೆ ಬರುವ ಆ ಗೆರೆ ಮಗುವಿಗೆ ಸರಿಯಾಗಿ ಬೆನ್ನಿನ ನಡುವೆ ಬರುತ್ತದೆ. ಕೆಲವು ಹೊಸ ಬೋಗಿಗಳಲ್ಲಿ ಅದರ ಮೇಲೆ ಹಾಸುವ ಬೇರೆ ಹಲಗೆ ಇರುತ್ತದೆ; ಇಲ್ಲದಿದ್ದರೆ ಮಗುವನ್ನು ಜೋಡಣೆಯ ಒಂದೇ ಬದಿಗೆ ಮಲಗಿಸಿ. ಉದ್ದ ಧಾರಾಳ ಸಾಲುತ್ತದೆ.

ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಕಿಲ್ಲ, ಆದರೆ ಬರ್ತೂ ಇಲ್ಲ. ಬರ್ತ್ ಬೇಕೆಂದರೆ ಪೂರ್ತಿ ದರ. ನಮ್ಮ ಲೆಕ್ಕದಲ್ಲಿ ಆ ದುಡ್ಡು ದಂಡವಲ್ಲ. ಅಷ್ಟು ಕಿರಿದಾದ ಬರ್ತಿನಲ್ಲಿ ತಾಯಿ ಮಗು ಇಬ್ಬರೂ ಮಲಗಿದರೆ ತಾಯಿಯ ತೋಳು ಮಗುವಿನ ತಲೆಯಡಿ ಸೇರಿಕೊಳ್ಳುತ್ತದೆ, ತೋಳೇ ದಿಂಬಾಗಿ ತಲೆ ಮುಂದಕ್ಕೆ ಬಾಗುತ್ತದೆ. ಎದುರುಬದುರಿನ ಎರಡು ಲೋವರ್ (1 ಮತ್ತು 4ರಂಥವು) ಸಿಕ್ಕರೆ ಮಗು ಒಂದರಲ್ಲಿ ಅಗಲವಾಗಿ ಮಲಗಲಿ. ಹೊರ ಅಂಚಿಗೆ ಸುತ್ತಿದ ಕಂಬಳಿಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ ಅಡ್ಡ ಕೊಡಿ, ಮಗುವಿನ ಮುಖದಿಂದ ದೂರ, ಸೊಂಟದ ಮಟ್ಟದಲ್ಲಿ. ತಲೆ ಕಿಟಕಿಯ ಕಡೆಗಿರಲಿ. ಓಡಾಡುವವರ ಬ್ಯಾಗು ತಾಗುವುದು ನಡುದಾರಿಯ ಕಡೆಯ ತುದಿಗೆ.

ರೈಲಿನವರು ಕೊಡುವ ದಿಂಬನ್ನು ಕಾಲಡಿಗೆ ಎಸೆಯಿರಿ. ದಿಂಬು ಬೇಡವೇ ಬೇಡ. ಈ ಮಕ್ಕಳ ತಲೆಯ ಹಿಂಭಾಗ ಉಬ್ಬಿರುವುದರಿಂದ ಸಪಾಟಾಗಿ ಮಲಗಿದಾಗಲೂ ಗದ್ದ ಸ್ವಲ್ಪ ಕೆಳಗಿಳಿದಿರುತ್ತದೆ. ಕೊಟ್ಟ ಬೆಡ್‌ಶೀಟ್‌ಗಳಲ್ಲಿ ಒಂದನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ಸೊಂಟದವರೆಗೆ ಮಾತ್ರ ಹಾಸಿದರೆ ಮೈ ಅಷ್ಟು ಏರಿ ಕುತ್ತಿಗೆ ನೇರಕ್ಕೆ ಬರುತ್ತದೆ. ಮಡಿಕೆ ಭುಜದ ಮೇಲೆ ಹೋಗಕೂಡದು, ದಪ್ಪ ಒಂದು ಅಂಗುಲ ಮೀರಕೂಡದು; ಹೆಚ್ಚಾದರೆ ತಲೆ ಹಿಂದಕ್ಕೆ ಜೋತುಬೀಳುತ್ತದೆ. ಎಷ್ಟು ಬೇಕೆಂದು ನಿಮ್ಮ ಡಾಕ್ಟರಿಂದ ಮೊದಲೇ ತೋರಿಸಿಕೊಂಡಿದ್ದರೆ ಒಳ್ಳೆಯದು.

ಇನ್ನೊಂದು ನಮ್ಮ ಕಡೆಯ ರೂಢಿ: ಎರಡು ಬರ್ತಿನ ನಡುವೆ ಸೀರೆ ಕಟ್ಟಿ ಜೋಳಿಗೆ ಮಾಡುವುದು. ಬೇರೆ ಮಕ್ಕಳಿಗೆ ಸುಖವಿರಬಹುದು, ಈ ಮಗುವಿಗೆ ಜೋಳಿಗೆ ಬೇಡ. ಬೆನ್ನು ಬಾಗುವುದು, ಗದ್ದ ಎದೆಗೆ ಮುಟ್ಟುವುದು, ಎರಡೂ ಒಟ್ಟಿಗೆ ಆಗುವ ಜಾಗ ಅದು. ಮನೆಯಲ್ಲೂ ಅಷ್ಟೇ, ಹಲಗೆ ಹಾಸಿನ ಮರದ ತೊಟ್ಟಿಲಾದರೆ ಸರಿ.

ಈ ಮಕ್ಕಳು ಬೆವರುವುದು ಹೆಚ್ಚು. ಹತ್ತಿದಾಗ ಬೆವರಿದ ಬನಿಯನ್ ಎಸಿಗೆ ತಣ್ಣಗಾಗಿ ಮೈಗೆ ಅಂಟುತ್ತದೆ. ನಾಲ್ಕು ಹತ್ತಿ ಬನಿಯನ್ ಕೈಗೆಟಕುವ ಚೀಲದಲ್ಲಿರಲಿ, ಸೂಟ್‌ಕೇಸಿನ ತಳದಲ್ಲಿ ಬೇಡ. ಹಾಲು ಕುಡಿಸಿದ ಕೂಡಲೇ ಮಲಗಿಸಿದರೆ ಹೊಟ್ಟೆಯಿಂದ ವಾಪಸ್ ಬರುತ್ತದೆ; ಗಾಡಿ ಹತ್ತುವ ಮುನ್ನವೇ ಕುಡಿಸಿ, ಅರ್ಧ ಗಂಟೆ ಭುಜದ ಮೇಲೆ ಎತ್ತಿಕೊಂಡಿರಿ.

ಅರ್ಧ ಅಂಕ ಕಳೆದದ್ದು ನಿಲ್ದಾಣಕ್ಕೆ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದವೆಂದು ಹೆಮ್ಮೆ. ಮಗು, ಚೀಲ, ಫೈಲು ಹೊತ್ತು ತಪ್ಪು ತುದಿಯಲ್ಲಿ ನಿಂತವರಿಗೆ ಆ ಹೆಮ್ಮೆ ಕಾಲಿಗೆ ಹತ್ತುತ್ತದೆ. ಬೋಗಿ ನಿಲ್ಲುವ ಜಾಗ ಮೊದಲೇ ಕೇಳಿಕೊಳ್ಳಿ. ದಾರಿಯಲ್ಲಿ ತುರ್ತು ಬಿದ್ದರೆ ರೈಲಿನ ಸಹಾಯವಾಣಿ 139.

ಮಗು ನಿದ್ದೆಯಲ್ಲಿದ್ದಾಗ ಒಂದು ಕೆಲಸ ಮಾಡಿ. ಬನಿಯನ್ ಎತ್ತಿ, ಎದೆ ಮುಖ ಎರಡೂ ಕಾಣುವಂತೆ, ಸದ್ದು ಕೇಳುವಂತೆ ಎರಡು ನಿಮಿಷ ಮೊಬೈಲ್ ವಿಡಿಯೋ ಮಾಡಿ. ಗೊರಕೆ, ಉಸಿರು ನಿಂತು ಏದುಸಿರಿನೊಂದಿಗೆ ಮತ್ತೆ ಶುರುವಾಗುವುದು, ತಲೆಯನ್ನು ಹಿಂದಕ್ಕೆ ಎಸೆದುಕೊಂಡೇ ಮಲಗುವುದು, ಇವು ಓಪಿಡಿಯಲ್ಲಿ ಬಾಯಲ್ಲಿ ಹೇಳುವುದಕ್ಕಿಂತ ತೋರಿಸಿದರೆ ಬೇಗ ಅರ್ಥವಾಗುತ್ತವೆ. ತುಟಿ ನೀಲಿಯಾದರೆ ವಿಡಿಯೋ ಮಾಡುತ್ತಾ ಕೂರಬೇಡಿ: ಎಬ್ಬಿಸಿ, ಕುತ್ತಿಗೆ ನೇರ ಮಾಡಿ, ಸಹಾಯ ಕರೆಯಿರಿ, ಮುಂದಿನ ದೊಡ್ಡ ನಿಲ್ದಾಣದಲ್ಲಿ ಇಳಿದು ಆಸ್ಪತ್ರೆಗೆ ಹೋಗಿ.

ವಂದೇ ಭಾರತ್, ವಿಮಾನ

2023ರ ಜೂನ್‌ನಲ್ಲಿ ಶುರುವಾದ ಧಾರವಾಡದ ವಂದೇ ಭಾರತ್ ಮಧ್ಯಾಹ್ನ ಹೊರಟು ರಾತ್ರಿ ಊಟದ ಹೊತ್ತಿಗೆ ಬೆಂಗಳೂರು ಮುಟ್ಟಿಸುತ್ತದೆ. ಕುಲುಕಾಟ ಕಡಿಮೆ, ಶೌಚಾಲಯ ಚೊಕ್ಕಟ. ಆದರೆ ಚೇರ್ ಕಾರಿನಲ್ಲಿ ಮಲಗುವ ಜಾಗವಿಲ್ಲ. ತೊಡೆಯ ಮೇಲೆ ಕೂತ ಮಗು ಜೊಂಪು ಹತ್ತಿದ ಕೂಡಲೇ ತಲೆ ವಾಲಿಸುತ್ತದೆ, ಹಿಡಿದವರ ಕೈ ಒಂದು ಗಂಟೆಗೆ ಸೋಲುತ್ತದೆ. ಇಬ್ಬರು ದೊಡ್ಡವರಿದ್ದು, ಸರದಿಯಲ್ಲಿ ಮಗುವನ್ನು ತೊಡೆಗಳ ಉದ್ದಕ್ಕೆ ಸಪಾಟಾಗಿ ಮಲಗಿಸಿಕೊಳ್ಳುವುದಾದರೆ ಆದೀತು. ಇದಕ್ಕೆ ಮೂರು ಅಂಕ ಕೊಟ್ಟದ್ದಕ್ಕೆ ಬೇರೆ ಕಾರಣವಿದೆ, ತಪಾಸಣೆಯ ವಿಷಯದಲ್ಲಿ ಬರುತ್ತದೆ.

ವಿಮಾನ ಆಕಾಶದಲ್ಲಿರುವುದು ಒಂದು ಗಂಟೆಯ ಆಚೀಚೆ. ಉಳಿದದ್ದೆಲ್ಲ ಕಾಯುವುದು, ಆಮೇಲೆ ದೇವನಹಳ್ಳಿಯಿಂದ ಊರೊಳಗೆ ಬರುವುದು. ಎರಡು ವರ್ಷ ತುಂಬಿದ ಮಗುವಿಗೆ ಸೀಟು ಕೊಳ್ಳಲೇಬೇಕು, ತುಂಬದ ಮಗುವಿಗೆ ವಯಸ್ಸಿನ ದಾಖಲೆ ತೋರಿಸಬೇಕು. ಜನನ ಪ್ರಮಾಣಪತ್ರ ಕೈಯಲ್ಲಿರಲಿ. ಕಿವಿ ಸೋರುತ್ತಿದ್ದರೆ, ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಗೊತ್ತಾಗಿದ್ದರೆ ಡಾಕ್ಟರನ್ನು ಕೇಳದೆ ಹತ್ತಬೇಡಿ.

ಬಸ್ಸು

ಅಂಬಾರಿ ಉತ್ಸವ, ಪಲ್ಲಕ್ಕಿಯಂಥ ಸ್ಲೀಪರ್‌ಗಳಲ್ಲಿ ಕೆಳಗಿನ ಬರ್ತ್ ಸಿಕ್ಕರೆ ಮಗು ಮಲಗಿ ಹೋಗಬಹುದು. ಆದರೂ ಎರಡೂವರೆ ಏಕೆಂದರೆ ಬ್ರೇಕ್ ಬಿದ್ದಾಗ ಮಲಗಿದ ಮಗು ಜಾರುತ್ತದೆ, ಹಂಪ್ ಹಾರಿದಾಗ ತಲೆ ಎದ್ದು ಬೀಳುತ್ತದೆ. ಹಿಂದಿನ ಚಕ್ರದ ಆಚೆಯ ಬರ್ತಿನಲ್ಲಿ ಎತ್ತಿಹಾಕುವುದು ಇನ್ನೂ ಜಾಸ್ತಿ. ನಡುವಿನ ಬರ್ತ್ ಆರಿಸಿ. ಸೆಮಿ ಸ್ಲೀಪರ್ ಸೀಟು ಎಷ್ಟು ಹಿಂದಕ್ಕೆ ಬಾಗಿದರೂ ತೊಡೆಯ ಮೇಲಿನ ಮಗುವಿಗೆ ಅದರಿಂದ ಏನೂ ಸಿಗುವುದಿಲ್ಲ.

ಶಕ್ತಿ ಯೋಜನೆಯ ಉಚಿತ ಪ್ರಯಾಣ ಈ ಐಷಾರಾಮಿ ಬಸ್ಸುಗಳಿಗಿಲ್ಲ, ಕೆಂಪು ಬಸ್ಸಿಗುಂಟು. ವರ್ಷಕ್ಕೆ ಐದಾರು ಸಲ ಹೋಗಿಬರಬೇಕಾದ ಮನೆಗಳಲ್ಲಿ ಅದು ಸಣ್ಣ ಲೆಕ್ಕವಲ್ಲ. ಕೆಂಪು ಬಸ್ಸೇ ಗತಿಯಾದರೆ ಒಂದೇ ಉಸಿರಿಗೆ ಬೇಡ. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಇಳಿದು ಮಗುವನ್ನು ಚಾಪೆಯ ಮೇಲೆ ಒಂದು ಗಂಟೆ ಮಲಗಿಸಿ, ಮುಂದಿನ ಬಸ್ ಹಿಡಿಯಿರಿ. ಕೂತಷ್ಟು ಹೊತ್ತೂ ಒಂದು ಅಂಗೈ ಮಗುವಿನ ಬೆನ್ನಿನ ಆ ಗೂನಿನ ಮೇಲೆಯೇ ಇರಲಿ, ಮೆಲ್ಲಗೆ ಒಳಕ್ಕೆ ಒತ್ತಿದಂತೆ. ಇನ್ನೊಂದು ಕೈ ತಲೆಯ ಹಿಂದೆ.

ಕಾರು ಮತ್ತು ಕಾರ್ ಸೀಟ್

ಅಂಗಡಿಯವರು ಕೇಳುವುದು ಮಗುವಿನ ವಯಸ್ಸು. ಈ ಮಗುವಿಗೆ ವಯಸ್ಸು ಯಾವ ಅಳತೆಯೂ ಅಲ್ಲ.

ಪೆಟ್ಟಿಗೆಯ ಮೇಲೆ ಎರಡು ಬಗೆಯ ಗುರುತು ಸಿಗುತ್ತವೆ. ಆರ್44 ಎಂದಿದ್ದರೆ ತೂಕದ ಮೇಲೆ ವಿಂಗಡಣೆ: 0+ ಗುಂಪು 13 ಕೆಜಿವರೆಗೆ, 1ನೇ ಗುಂಪು 9ರಿಂದ 18 ಕೆಜಿ. ಆರ್129, ಅಂದರೆ ಐ-ಸೈಜ್ ಎಂದಿದ್ದರೆ ಎತ್ತರದ ಮೇಲೆ. ಈ ಎತ್ತರದ ಲೆಕ್ಕವೇ ಇಲ್ಲಿ ದಾರಿ ತಪ್ಪಿಸುವುದು. ಅಕಾಂಡ್ರೋಪ್ಲೇಸಿಯಾದಲ್ಲಿ ಕೈಕಾಲು ಗಿಡ್ಡ, ಮುಂಡದ ಉದ್ದ ಹೆಚ್ಚು ಕಡಿಮೆ ಬೇರೆ ಮಕ್ಕಳಷ್ಟೇ. ನಿಲ್ಲಿಸಿ ಅಳೆದರೆ ಸೀಟಿನ ಮಿತಿಗೆ ಇನ್ನೂ ಬಹಳ ದೂರವಿದೆ ಎನಿಸುತ್ತದೆ, ಕೂರಿಸಿದರೆ ನೆತ್ತಿ ಆಗಲೇ ಸೀಟಿನ ಗಟ್ಟಿ ಚಿಪ್ಪಿನ ಅಂಚಿಗೆ ಬಂದಿರುತ್ತದೆ. ಆದ್ದರಿಂದ ಪೆಟ್ಟಿಗೆಯ ಸಂಖ್ಯೆಯ ಜೊತೆಗೆ ಕೂರಿಸಿಯೇ ನೋಡಿ. ಹಿಂಮುಖ ಸೀಟಿನಲ್ಲಿ, ಅಂದರೆ ಮಗುವಿನ ಮುಖ ಕಾರಿನ ಹಿಂಬದಿಗೆ ಇರುವಂತೆ ಕೂರಿಸುವ ಸೀಟಿನಲ್ಲಿ, ನೆತ್ತಿಯಿಂದ ಚಿಪ್ಪಿನ ಮೇಲಂಚಿಗೆ ಎರಡೂವರೆ ಸೆಂಟಿಮೀಟರ್ ಆದರೂ ಉಳಿದಿರಬೇಕು. ಭುಜದ ಪಟ್ಟಿ ಹೊರಡುವ ಸೀಳು ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗೆ ಇರಬೇಕು.

ಅಂಗಡಿಯಲ್ಲೇ ಪರೀಕ್ಷಿಸಬೇಕಾದ ಇನ್ನೆರಡು ಜಾಗಗಳು. ಮೊದಲನೆಯದು ಕಾಲ ನಡುವಿನ ಪಟ್ಟಿ. ಗಿಡ್ಡ ತೊಡೆಯ ಮಗುವಿಗೆ ಅದು ತುಂಬಾ ಮುಂದಿರುತ್ತದೆ. ಪಟ್ಟಿಗೂ ಮೈಗೂ ನಡುವೆ ಅಂತರ ಉಳಿದು, ಮಗು ಆ ಅಂತರ ತುಂಬುವವರೆಗೆ ಕೆಳಕ್ಕೆ ಜಾರುತ್ತದೆ, ಬೆನ್ನು ಬಾಗುತ್ತದೆ. ಪಟ್ಟಿಯನ್ನು ಎರಡು ಮೂರು ಸೀಳುಗಳಲ್ಲಿ ಹಿಂದೆ ಮುಂದೆ ಸಿಕ್ಕಿಸಲು ಬರುವ ಸೀಟೇ ಬೇಕು. ಎರಡನೆಯದು ತಲೆಯ ಮೆತ್ತೆ. ದೊಡ್ಡ ತಲೆಗೆ ಮೆತ್ತೆಯ ಎರಡು ಬದಿಯ ರೆಕ್ಕೆಗಳು ಇಕ್ಕಟ್ಟಾದರೆ ತಲೆ ಒಳಕ್ಕೆ ಕೂರದೆ ಮುಂದಕ್ಕೆ ಬರುತ್ತದೆ. ಹಿಂದಿನ ಮೆತ್ತೆ ದಪ್ಪವಿದ್ದರೂ ಅದೇ ಕಥೆ. ತಯಾರಕರೇ ಬಿಚ್ಚಲು ಅನುಮತಿಸಿದ ಮೆತ್ತೆಯಾದರೆ ಬಿಚ್ಚಿ. ಆನ್‌ಲೈನ್‌ನಲ್ಲಿ ಬಿಡಿಯಾಗಿ ಮಾರುವ ಕುತ್ತಿಗೆ ದಿಂಬು, ಪಟ್ಟಿಯ ಮೆತ್ತೆ ಸೇರಿಸಬೇಡಿ. ಬೆಲ್ಟಿನಡಿ ಸಿಕ್ಕಿದ ಮೆತ್ತೆ ಅಪಘಾತದಲ್ಲಿ ಅಪ್ಪಚ್ಚಿಯಾಗುತ್ತದೆ, ಬೆಲ್ಟು ಸಡಿಲವಾಗುತ್ತದೆ.

ಹಿಂಮುಖವಾಗಿಯೇ ಕೂರಿಸಿ, ಸೀಟಿನ ಮಿತಿ ಮುಗಿಯುವವರೆಗೂ. 13 ಕೆಜಿಗೆ ಮುಗಿಯುವುದಕ್ಕಿಂತ 18 ಕೆಜಿವರೆಗೆ ಹಿಂಮುಖವಾಗಿ ಬಳಸಬಹುದಾದ ಸೀಟು ಲಾಭ. ದುಡ್ಡು ಹೆಚ್ಚು, ಬಾಳಿಕೆ ವರ್ಷಗಳಷ್ಟು ಹೆಚ್ಚು. ಕಾಲು ತಾಗುತ್ತದೆ, ಮುಂದೆ ತಿರುಗಿಸಿ ಎನ್ನುವ ಮಾತು ಈ ಮಕ್ಕಳಿಗೆ ಅನ್ವಯಿಸುವುದೇ ಇಲ್ಲ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಹಿಂಮುಖ ಕಾರ್ ಸೀಟ್ ಎಂದೂ ಬೇಡ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿಲ್ಲದೆ ಕೂರಿಸಿದರೆ ಸಾವಿರ ರೂಪಾಯಿ ದಂಡವೂ ಇದೆ. ಯಾರೂ ಹಿಡಿಯುವುದಿಲ್ಲ ಎನ್ನುವುದು ಬೇರೆ ಮಾತು.

ಸರಿಯಾದ ಸೀಟಿಗೂ ಐದು ಅಂಕವಿಲ್ಲ. ಒಳಗೆ ಕೂತೇ ನಿದ್ದೆ ಬರುತ್ತದೆ, ನಿದ್ದೆಯಲ್ಲಿ ಗದ್ದ ಇಳಿಯುತ್ತದೆ. ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಒಬ್ಬರು ಇರಲೇಬೇಕು. ಎರಡು ಗಂಟೆ ಮೀರದಂತೆ ನಿಲ್ಲಿಸಿ, ಸೀಟಿನಿಂದ ತೆಗೆದು ಇಪ್ಪತ್ತು ನಿಮಿಷ ಸಪಾಟಾಗಿ ಮಲಗಿಸಿ: ರಾಣೆಬೆನ್ನೂರು, ಚಿತ್ರದುರ್ಗ, ತುಮಕೂರು ಎಂದು ಮೂರು ನಿಲುಗಡೆ ಇಟ್ಟುಕೊಂಡರೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ಕಾರು ನಿಂತ ಮೇಲೆ ನಿದ್ದೆ ಕೆಡುತ್ತದೆಂದು ಸೀಟಿನಲ್ಲೇ ಬಿಟ್ಟು ಊಟಕ್ಕೆ ಕೂರುವುದು ತಪ್ಪು.

ಊರೊಳಗಿನ ಕೊನೆಯ ಹತ್ತು ಕಿಲೋಮೀಟರ್

ರಾತ್ರಿಯಿಡೀ ಕಾಪಾಡಿದ ಕುತ್ತಿಗೆಯನ್ನು ಬೆಂಗಳೂರಿನ ಆಟೋ ಹತ್ತು ನಿಮಿಷದಲ್ಲಿ ಅಲ್ಲಾಡಿಸಿಬಿಡುತ್ತದೆ. ರೈಲು ನಿಲ್ದಾಣದ ಪಕ್ಕದಲ್ಲೇ ಮೆಟ್ರೋ ಇದೆ. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನಿಮ್ಹಾನ್ಸ್ ಕಡೆಗಾದರೆ ಮೆಜೆಸ್ಟಿಕ್‌ನಿಂದ ಗ್ರೀನ್ ಲೈನ್‌ನಲ್ಲಿ ಜಯನಗರದವರೆಗೆ ಬಂದು, ಉಳಿದಷ್ಟಕ್ಕೆ ಮಾತ್ರ ಆಟೋ. ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ 2025ರ ಆಗಸ್ಟ್‌ನಿಂದ ಯೆಲ್ಲೋ ಲೈನ್ ಇದೆ, ಆರ್.ವಿ. ರಸ್ತೆಯಲ್ಲಿ ಬದಲಿಸಬೇಕು. ಆಟೋದಲ್ಲಿ ಮಗುವನ್ನು ನಿಮ್ಮ ಎದೆಗೆ ಒರಗಿಸಿ, ತಲೆ ಕುತ್ತಿಗೆ ಎರಡಕ್ಕೂ ಅಂಗೈ ಕೊಟ್ಟು ಹಿಡಿಯಿರಿ. ಹಂಪ್ ಬಂದಾಗ ನಿಧಾನ ಮಾಡಲು ಹತ್ತುವಾಗಲೇ ಹೇಳಿ. ಕ್ಯಾಬ್‌ನಲ್ಲಿ ಮಕ್ಕಳ ಸೀಟು ಸಿಗುತ್ತದೆಂದು ನಂಬಿಕೊಂಡು ಹೋಗಬೇಡಿ.

ಸ್ಟ್ರಾಲರ್ ಕೊಳ್ಳುವುದಾದರೆ ಕೊಡೆಯಂತೆ ಮಡಚುವ, ಬಟ್ಟೆಯ ತೂಗುಬೆನ್ನಿನ ಹಗುರ ಗಾಡಿ ಬೇಡ. ಅಗ್ಗ ಎಂಬುದೊಂದೇ ಅದರ ಗುಣ. ಬೆನ್ನಿಗೆ ಗಟ್ಟಿ ಹಲಗೆ ಇರಬೇಕು, ಪೂರ್ತಿ ಮಲಗಿಸಲು ಬರಬೇಕು, ಇನ್ನೂ ನಡೆಯದ ಮಗುವನ್ನು ಕೂರಿಸಿದಾಗ 60 ಡಿಗ್ರಿಗಿಂತ ನೆಟ್ಟಗಾಗಬಾರದು. ಎದೆಗೆ ಕಟ್ಟಿಕೊಳ್ಳುವ ಮೆತ್ತನೆ ಕ್ಯಾರಿಯರ್‌ಗೂ ಜೋಳಿಗೆಗೆ ಹೇಳಿದ್ದೇ ಮಾತು. ಸಹಾಯಕ್ಕೆ ಬಂದವರು ಮಗುವನ್ನು ಕಂಕುಳಿಗೆ ಕೈ ಹಾಕಿ ಎತ್ತಲು ನೋಡುತ್ತಾರೆ. ತಡೆಯಿರಿ: ಒಂದು ಕೈ ಕುಂಡೆಯಡಿ, ಒಂದು ಕೈ ತಲೆಯ ಹಿಂದೆ. ‘ಎಷ್ಟು ತಿಂಗಳು?’ ಎಂದು ಎರಡು ವರ್ಷದ ಮಗುವನ್ನು ನೋಡಿ ಕೇಳುವವರಿಗೆ ‘ಎರಡು ವರ್ಷ’ ಎಂದಷ್ಟೇ ಹೇಳಿದರೆ ಸಾಕು.

ತಪಾಸಣೆಗೆ ತಕ್ಕ ಟಿಕೆಟ್

ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಆಸ್ಪತ್ರೆಯ ದಿನಾಂಕ ಸಿಕ್ಕ ದಿನವೇ ಟಿಕೆಟ್ ನೋಡಿ. ಆದರೆ ಯಾವ ಪರೀಕ್ಷೆ ಎಂಬುದರ ಮೇಲೆ ಗಾಡಿ ಬದಲಾಗುತ್ತದೆ. ಬರೀ ಓಪಿಡಿ, ಎಕ್ಸ್‌ರೇ, ತಲೆಸುತ್ತಳತೆ ಆದರೆ ರಾತ್ರಿ ರೈಲು ಇಳಿದು ನೇರ ಹೋಗಬಹುದು. ಮಗುವಿಗೆ ಎಷ್ಟು ಕೇಳಿಸುತ್ತದೆ ಎಂದು ನೋಡುವ ಬೆರಾ ಪರೀಕ್ಷೆಯಾದರೆ ಮಗು ಸಹಜವಾಗಿ ನಿದ್ದೆ ಹೋಗಬೇಕು. ರೈಲಿನಲ್ಲಿ ರಾತ್ರಿಯಿಡೀ ಮಲಗಿ ಎದ್ದ ಮಗು ಹನ್ನೊಂದು ಗಂಟೆಗೆ ಮಲಗುವುದಿಲ್ಲ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಹಿಂದಿನ ದಿನದ ವಂದೇ ಭಾರತ್‌ನಲ್ಲಿ ಬಂದು, ಲಾಡ್ಜಿನಲ್ಲಿ ತಡವಾಗಿ ಮಲಗಿಸಿ ಬೇಗ ಎಬ್ಬಿಸುವುದು ಇಲ್ಲಿ ಉಪಾಯ; ಅದರ ಮೂರನೇ ಅಂಕ ಇದಕ್ಕೇ. ಬರೀ ಕಿವಿಯ ಕೆಲಸವಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯೂ ಇದೆ, ಹುಬ್ಬಳ್ಳಿಯಿಂದ ಮೈಸೂರಿಗೂ ನೇರ ರಾತ್ರಿ ರೈಲಿದೆ.

ಅರಿವಳಿಕೆ ಕೊಟ್ಟು ಮಾಡುವ ಎಂಆರ್‌ಐ ಆದರೂ ಹಿಂದಿನ ದಿನವೇ ಬನ್ನಿ. ಸಾಮಾನ್ಯವಾಗಿ ಊಟ, ಹಸುವಿನ ಹಾಲು, ಡಬ್ಬಿ ಹಾಲು ಆರು ಗಂಟೆ ಮೊದಲು ನಿಲ್ಲಬೇಕು, ಎದೆಹಾಲು ನಾಲ್ಕು ಗಂಟೆ. ಆಸ್ಪತ್ರೆ ಬರೆದುಕೊಟ್ಟ ಸಮಯವೇ ಕೊನೆಯ ಮಾತು. ರೈಲಿನಲ್ಲಿ ಅಳು ನಿಲ್ಲಿಸಲು ಕೊಟ್ಟ ಒಂದು ಬಿಸ್ಕತ್ತು ಇಡೀ ದಿನದ ಸರದಿಯನ್ನು ಕೆಡಿಸುತ್ತದೆ. ಬೆರಾ, ಎಂಆರ್‌ಐ ಎರಡೂ ಬಾಕಿಯಿದ್ದರೆ ಒಂದೇ ಅರಿವಳಿಕೆಯಲ್ಲಿ ಮುಗಿಸಲಾದೀತೇ ಎಂದು ಕೇಳಿ. ಮಗುವಿನ ಅಂದಿನ ತೂಕ ಚೀಟಿಯಲ್ಲಿ ಬರೆದಿಡಿ. ಔಷಧಿಯ ಪ್ರಮಾಣ ಹೋಗಬೇಕಾದ್ದು ತೂಕದ ಮೇಲೆ, ವಯಸ್ಸಿನ ಅಂದಾಜಿನ ಮೇಲಲ್ಲ. ಕುತ್ತಿಗೆ ನೇರವಾಗಿರಲಿ, ಹಿಂದಕ್ಕೆ ಬಾಗಿಸಬೇಡಿ ಎಂದು ಅರಿವಳಿಕೆ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ, ಫೈಲಿನಲ್ಲಿದೆ ಎಂದು ಸುಮ್ಮನಿರಬೇಡಿ.

ಫೈಲಿನಲ್ಲಿ ಎಫ್‌ಜಿಎಫ್‌ಆರ್3 ವಂಶವಾಹಿ ವರದಿ, ಹಳೆಯ ಎಕ್ಸ್‌ರೇ, ಎಂಆರ್‌ಐ ಫಿಲ್ಮಿನ ಜೊತೆ ಸಿಡಿ, ನಿದ್ದೆ ಪರೀಕ್ಷೆಯ ವರದಿ, ತಿಂಗಳು ತಿಂಗಳಿನ ತಲೆಸುತ್ತಳತೆ ಇರಲಿ. ತಲೆಸುತ್ತಳತೆಯನ್ನು ಅಕಾಂಡ್ರೋಪ್ಲೇಸಿಯಾದ್ದೇ ಚಾರ್ಟಿನಲ್ಲಿ ಗುರುತಿಸಬೇಕು. ಸಾಮಾನ್ಯ ಚಾರ್ಟಿನಲ್ಲಿ ಹಾಕಿದರೆ ಪ್ರತಿ ಸಲವೂ ಗಾಬರಿ. ಕುಬ್ಜತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಒಂದು, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಆ ಕಾರ್ಡಿನ ಪ್ರತಿಯೂ ಫೈಲಿನ ಮೊದಲ ಹಾಳೆಯಲ್ಲಿರಲಿ.

ವಾಪಸ್ ಟಿಕೆಟನ್ನು ಅರಿವಳಿಕೆಯ ದಿನದ ರಾತ್ರಿಗೆ ಮಾಡಬೇಡಿ. ಅರಿವಳಿಕೆಯ ನಂತರದ ಮೊದಲ ನಿದ್ದೆಯಲ್ಲೇ ಉಸಿರಿನ ತೊಂದರೆ ಹೆಚ್ಚು ಕಾಡುವುದು. ಆ ರಾತ್ರಿ ಆಸ್ಪತ್ರೆಯಲ್ಲಿ, ಕಳಿಸಿಬಿಟ್ಟರೆ ಹತ್ತಿರದ ಲಾಡ್ಜಿನಲ್ಲಿ. ಕೋಣೆ ನೋಡುವಾಗ ಟಿವಿ, ಎಸಿಗಿಂತ ಮೊದಲು ಹಾಸಿಗೆ ಒತ್ತಿ ನೋಡಿ. ಕೈ ಹೂತುಹೋದರೆ ಆ ಹಾಸಿಗೆ ಬಿಟ್ಟು ನೆಲಕ್ಕೆ ಕಂಬಳಿ ಹಾಸಿ ಮಗುವನ್ನು ಮಲಗಿಸಿ. ಮರುದಿನ ರಾತ್ರಿಯ ರೈಲು, ಅದೇ ಲೋವರ್ ಬರ್ತ್.